ಪಿಯಾನೊ ಮೇಷ್ಟ್ರ ಉದ್ದ ಕಾರು

ಆ ಕಾರು ನಮ್ಮ ಮನೆಗೆ ಬಂದದ್ದು ಇನ್ನೊಂದು ಗಾಡಿಗೆ ಹಗ್ಗ ಕಟ್ಟಿಸಿಕೊಂಡು. ಸೆಪ್ಟೆಂಬರಿನ ಮುಂಜಾನೆ, ವಿಮಾನಪುರದ ನಮ್ಮ ಹಿಂದಿನ ಬೀದಿಯಲ್ಲಿ ಇನ್ನೂ ಮಂಜಿತ್ತು. ಗೇಟು ತೆಗೆದು ನಿಂತೆ. ಮೊದಲು ಮೂತಿ ಬಂತು, ಆಮೇಲೆ ಒಂದು ಬಾಗಿಲು, ಇನ್ನೊಂದು ಬಾಗಿಲು. ಇಲ್ಲಿಗೆ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೊಂದು ಉದ್ದನೆಯ ಗಾಜು, ಅದರ ಹಿಂದೆ ಮತ್ತಷ್ಟು ಕಾರು. ಮಂಜಿನೊಳಗಿಂದ ಅದು ಬರುತ್ತಲೇ ಇತ್ತು. ಇಪ್ಪತ್ತೆಂಟು ವರ್ಷ ಹಳೆಯ ಎಸ್ಟೇಟ್ ಗಾಡಿ. ಚಾವಣಿ ಕೊನೆಯವರೆಗೂ ಚಾಚಿಕೊಂಡು, ಹಿಂಬಾಗಿಲು ಇಡಿಯಾಗಿ ಮೇಲಕ್ಕೆ ತೆರೆಯುವಂಥದ್ದು.

"ಇದೇನೇ ಇದು, ಕಾರೋ ಹೆಣದ ಗಾಡಿಯೋ?" ಎಂದರು ಅತ್ತೆ, ಕೈಯಲ್ಲಿ ರಂಗೋಲಿ ಡಬ್ಬಿ ಹಿಡಿದು.

ಸ್ಟೀರಿಂಗ್ ಹಿಂದಿನಿಂದ ಇಳಿದವರು ಅರವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಸ್ವರ ಹಿಡಿದು ನೋಡುವ ಉಕ್ಕಿನ ಒಂದು ಶ್ರುತಿಕವಲು. ಅತ್ತೆಯ ಮಾತು ಅವರ ಕಿವಿಗೆ ಬಿದ್ದಿತ್ತು. "ಹೆಣ ಅಲ್ಲಮ್ಮಾ, ಪಿಯಾನೊ," ಎಂದು ನಕ್ಕರು.

ಹಲಸೂರಿನವರು. ಲಿಂಗರಾಜಪುರದಿಂದ ಕೆ.ಆರ್. ಪುರದ ಆಚೆಯವರೆಗೆ ಚರ್ಚು, ಶಾಲೆ, ಹಳೆಯ ಬಂಗಲೆಗಳ ಪಿಯಾನೊಗಳಿಗೆ ಶ್ರುತಿ ಹಿಡಿಯುವುದು ಅವರ ಕಸುಬು. ಎಲ್ಲರೂ ಅವರನ್ನು ಪಿಯಾನೊ ಮೇಷ್ಟ್ರು ಅನ್ನುತ್ತಾರೆ. ಪಿಯಾನೊ ಕೆಟ್ಟರೆ ಅದರ ಹೊಟ್ಟೆಯೊಳಗಿನ ಸುತ್ತಿಗೆಗಳ ಸಾಲನ್ನು ಇಡಿಯಾಗಿ ಹೊರಗೆ ತೆಗೆದು ಮನೆಗೆ ಒಯ್ಯಬೇಕಂತೆ. ಎಂಬತ್ತೆಂಟು ಪುಟಾಣಿ ಸುತ್ತಿಗೆಗಳ ಆ ಚೌಕಟ್ಟು ಒಂದು ಮಂಚದಷ್ಟು ಉದ್ದ. ಮಲಗಿಸಿಯೇ ಸಾಗಿಸಬೇಕು. ಆಟೋದಲ್ಲಿ ನಿಲ್ಲಿಸಿಕೊಂಡು ಹೋದರೆ ಮನೆ ತಲುಪುವಷ್ಟರಲ್ಲಿ ಸುತ್ತಿಗೆಗಳು ಒಂದಕ್ಕೊಂದು ಬಡಿದುಕೊಂಡು ಸೊಟ್ಟಗಾಗುತ್ತವೆ. ಈ ಉದ್ದ ಕಾರಿನಲ್ಲಿ ಮಾತ್ರ ಅದು ಹಾಯಾಗಿ ಮಲಗುತ್ತಿತ್ತು.

"ಹೋದ ವರ್ಷ ಡಿಸೆಂಬರ್‌ಗೆ ಹನ್ನೊಂದು ಪಿಯಾನೊ ಇತ್ತಮ್ಮಾ ನಂಗೆ," ಎಂದರು. "ಕ್ರಿಸ್‌ಮಸ್ ಮುಂಚೆ ಎಲ್ಲಾ ಮುಗಿಸ್ಬೇಕು. ಗಾಡಿ ದಾರೀಲಿ ನಿಂತು ನಿಂತು ನಾಲ್ಕಕ್ಕೆ ಹೋಗೋಕೇ ಆಗ್ಲಿಲ್ಲ. ಆ ನಾಲ್ಕರಲ್ಲಿ ಎರಡು ಕಡೆ ಕೀಬೋರ್ಡ್ ತಗೊಂಡ್ಬಿಟ್ರು. ಪಾಪ, ಅವರದ್ದೇನ್ ತಪ್ಪು? ಹಾಡ್ಬೇಕಲ್ಲ. ಈಗ ಒಂಬತ್ತು. ಈ ಸಲಾನೂ ಇದು ಕೈ ಕೊಟ್ರೆ ನಾನು ಟೂಲ್ ಬಾಕ್ಸ್ ಮುಚ್ಚಿಡ್ತೀನಿ. ಫಿನಿಷ್."

ಅವರು ಬೇಜಾರಿನಿಂದ ಹೇಳಲಿಲ್ಲ. ನಾಳೆ ಮಳೆ ಬರಬಹುದು ಅನ್ನುವ ದನಿಯಲ್ಲಿ ಹೇಳಿದರು. ಅಷ್ಟರಲ್ಲಾಗಲೇ ನಾನು ತಲೆಯಾಡಿಸಿಬಿಟ್ಟಿದ್ದೆ. ನವೆಂಬರ್ ಕೊನೆಗೆ ಕೊಡುತ್ತೇನೆ ಅಂದಿದ್ದೆ.

ಅವರನ್ನು ನನ್ನ ಬಳಿಗೆ ಕಳಿಸಿದವರು ಶಿವಾಜಿನಗರದ ಗ್ಯಾರೇಜ್ ಭಾಯ್. ಎಂಜಿನ್ ಬಿಚ್ಚಿ ಹೊಸ ರಿಂಗ್ ಹಾಕಿದ್ದು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಕೂರಿಸಿದ್ದು, ರೇಡಿಯೇಟರ್ ಒಳಗನ್ನು ಹೊಸದು ಮಾಡಿಸಿದ್ದು ಎಲ್ಲ ಅವರೇ. ತಂತಿಗಳ ವಿಷಯಕ್ಕೆ ಬಂದಾಗ ಕೈ ಮುಗಿದುಬಿಟ್ಟಿದ್ದರು. ವಿಮಾನಗಳಿಗೆ ತಂತಿ ಹೊಂದಿಸಿಕೊಡುವ ಒಂದು ಸಣ್ಣ ಘಟಕದಲ್ಲಿ ನಾನು ಇಪ್ಪತ್ತೆರಡು ವರ್ಷ ಕೂತಿದ್ದವಳು. ನೂರಾರು ತಂತಿಗಳನ್ನು ಮೊಳೆ ಹೊಡೆದ ಹಲಗೆಯ ಮೇಲೆ ಹಾಸಿ, ಮೇಣದ ದಾರದಿಂದ ಬಿಗಿಯುವ ಕೆಲಸ. ಹಾಗೆ ಬಿಗಿದ ತಂತಿಯ ಕಟ್ಟಿಗೆ ನಾವು ಹೆಂಗಸರು ಜಡೆ ಅನ್ನುತ್ತಿದ್ದೆವು. ಘಟಕ ಬಾಗಿಲು ಹಾಕಿದ ಮೇಲೆ ಮನೆಯ ಕೊಟ್ಟಿಗೆಯಲ್ಲಿ ಹಳೆಯ ಜೀಪುಗಳ ದೀಪ, ಹಾರ್ನು ಸರಿ ಮಾಡಿಕೊಂಡಿದ್ದೆ. ಒಂದು ಕಾರಿನ ಪೂರ್ತಿ ಜಡೆ ಹೆಣೆಯುವುದು ಅದೇ ಮೊದಲು.

ಹಳೆಯ ತಂತಿಗಳನ್ನು ತೆಗೆಯಲು ಹನ್ನೆರಡು ದಿನ ಬೇಕಾಯಿತು. ಕಿತ್ತು ಬಿಸಾಡಿದ್ದರೆ ಒಂದು ಬೆಳಿಗ್ಗೆ ಸಾಕಿತ್ತು. ಆದರೆ ನನಗೆ ಹಾಗೆ ಬರುವುದಿಲ್ಲ. ಪ್ರತಿ ತುದಿಗೂ ಚೀಟಿ ಕಟ್ಟಿ, ಎಲ್ಲಿಂದ ಎಲ್ಲಿಗೆ, ಎಷ್ಟು ದಪ್ಪ, ಏನು ಬಣ್ಣ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಇಪ್ಪತ್ತೆಂಟು ವರ್ಷದಲ್ಲಿ ಎಷ್ಟು ಜನ ಕೈಯಾಡಿಸಿದ್ದರೋ! ಕೆಂಪು ತಂತಿ ಅರ್ಧದಲ್ಲಿ ಹಸಿರಾಗಿ, ಸೀಟಿನ ಕೆಳಗೆ ನೀಲಿಯಾಗಿ, ದೀಪ ಮುಟ್ಟುವಾಗ ಕಪ್ಪಾಗಿತ್ತು. ಒಂದು ಕಡೆ ಫ್ಯೂಸಿನ ಜಾಗದಲ್ಲಿ ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿದ್ದರು. ಅದನ್ನು ಮಾಡಿದ ಪುಣ್ಯಾತ್ಮನನ್ನು ಆ ದಿನವೆಲ್ಲ ಬೈದೆ.

ಆಮೇಲೆ ಕಾರಿನ ಖಾಲಿ ಮೈ ಬಣ್ಣಕ್ಕೆಂದು ಶಿವಾಜಿನಗರಕ್ಕೆ ಹೋಯಿತು. ನಾನು ಕೊಟ್ಟಿಗೆಯ ಗೋಡೆಗೆ ಎರಡು ಪ್ಲೈವುಡ್ ಹಲಗೆ ಒರಗಿಸಿ, ಕಾರಿನ ಅಳತೆಗೆ ಸರಿಯಾಗಿ ಮೊಳೆ ಹೊಡೆದು ಕೂತೆ. ಮೊದಲು ಅಲ್ಲಿ ನಾಲ್ಕು ಎಮ್ಮೆ ಕಟ್ಟುತ್ತಿದ್ದರು. ಅತ್ತೆಯ ಕಾಲದ ರಾಗಿ ಹೊಲಗಳೆಲ್ಲ ಬಾಡಿಗೆ ಮನೆಗಳಾಗಿವೆ. ಕೊಟ್ಟಿಗೆಯೊಂದು ಉಳಿದಿದೆ. ಮಧ್ಯಾಹ್ನ ಸಣ್ಣ ಜಡಿಮಳೆ ಹಿಡಿದರೆ ಒಳಗೆ ಹಳೆಯ ಹುಲ್ಲಿನ ವಾಸನೆ ಏಳುತ್ತದೆ.

ಅಕ್ಟೋಬರ್ ಪೂರ್ತಿ ನಾನು ಎಚ್ಚರವಾಗಿದ್ದೆನೋ ಕನಸಿನಲ್ಲಿದ್ದೆನೋ ಸರಿಯಾಗಿ ಹೇಳಲಾರೆ. ತಂತಿಯನ್ನು ಅಳೆದು ಕತ್ತರಿಸುವುದು, ಮೊಳೆಗಳ ನಡುವೆ ಹಾಯಿಸುವುದು, ಎರಡು ಬೆರಳಗಲಕ್ಕೊಂದು ಗಂಟು ಹಾಕುವುದು. ದಾರವನ್ನು ಎರಡು ಸುತ್ತು ತಂದು, ತುದಿ ಒಳಗೆ ತೂರಿಸಿ, ಎಳೆದು, ಮೇಲೊಂದು ಗಂಟು. ಕೈಗೆ ಆ ಕೆಲಸ ಗೊತ್ತಿತ್ತು, ನಾನು ಬೇಕಾಗಿರಲಿಲ್ಲ. ಮೇಲೆ ಯಾವುದೋ ವಿಮಾನ ಪರೀಕ್ಷೆಗೆಂದು ಸುತ್ತು ಹೊಡೆದರೆ ತಗಡಿನ ಚಾವಣಿ ಗುಂಯ್ ಅನ್ನುತ್ತಿತ್ತು. ಹಳದಿಯ ಪಕ್ಕ ಕಂದು, ಕಂದಿನ ಪಕ್ಕ ನೇರಳೆ. ಕಣ್ಣು ಮುಚ್ಚಿದರೂ ಬಣ್ಣಗಳು ಹಾಗೇ ಹರಿಯುತ್ತಿದ್ದವು. ಅನ್ನಕ್ಕೆ ಕರೆದ ಅತ್ತೆಗೆ "ಇನ್ನೂ ಹನ್ನೆರಡು ಗಂಟು" ಎಂದು ಉತ್ತರ ಕೊಟ್ಟು, ಅರ್ಧ ತಾಸಿನ ಮೇಲೂ ಅದನ್ನೇ ಹೇಳಿದೆನಂತೆ.

ಮೇಷ್ಟ್ರು ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ಕೊಟ್ಟಿಗೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ವಿಮಾನ ಹೋದರೆ ತಲೆ ಒಂದಿಷ್ಟು ವಾಲಿಸಿ ಅದರ ಸ್ವರ ಯಾವುದು ಎಂದು ಹೇಳುತ್ತಿದ್ದರು. ನಾನು ಕಾರಿನಲ್ಲಿ ಏನೇನು ಬದಲಾಗುತ್ತದೆ ಎಂದು ವಿವರಿಸುತ್ತಿದ್ದೆ. ಹೆಡ್‌ಲೈಟಿಗೆ ರಿಲೇ, ಹೊಸ ಫ್ಯೂಸ್ ಪೆಟ್ಟಿಗೆ, ಹಳೆಯ ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್. ಬೆಲ್ಟಿನಿಂದ ಸದಾ ತಿರುಗುವ ಫ್ಯಾನಿನ ಬದಲು ನೀರು ಬಿಸಿಯಾದಾಗ ತಾನೇ ತಿರುಗುವ ವಿದ್ಯುತ್ ಫ್ಯಾನು. ಟ್ಯಾಂಕಿನ ಪಕ್ಕ ಪೆಟ್ರೋಲನ್ನು ಮುಂದಕ್ಕೆ ತಳ್ಳುವ ವಿದ್ಯುತ್ ಪಂಪು. ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತು ನಿಂತರೂ ಕಾಯದ, ಪೆಟ್ರೋಲ್ ಆವಿಯಾಗಿ ಕಟ್ಟಿಕೊಳ್ಳದ ಗಾಡಿ.

"ನಂಗೆ ಅರ್ಥ ಆಗಿದ್ದು ಇಷ್ಟೇ," ಎಂದರು ಮೇಷ್ಟ್ರು. "ನಿಲ್ಲಲ್ಲ."

"ನಿಲ್ಲಲ್ಲ," ಅಂದೆ.

ನವೆಂಬರ್ ಮೊದಲ ವಾರ ಕಾರು ಬಣ್ಣ ಹೊಡೆಸಿಕೊಂಡು ಬಂತು. ಮುಂಜಾನೆಯ ಕೆರೆ ನೀರಿನ ನೀಲಿ. ಬಣ್ಣದವನು ಹೊರಮೈ ಮಾತ್ರವಲ್ಲ, ಬಾನೆಟ್ಟಿನ ಒಳಗೂ ಮೂಲೆ ಮೂಲೆ ಬಿಡದೆ ಹೊಡೆದಿದ್ದ. ಭಾಯ್ ಬಾನೆಟ್ ಎತ್ತಿ ತೋರಿಸಿದರು. "ಕ್ಯಾ ಮೇಡಂ, ಹೆಂಗಿದೆ? ಒಳಗೆ ಊಟ ಮಾಡ್ಬೋದು." ನಿಜಕ್ಕೂ ಚೆಂದವಿತ್ತು. ಬಾಗಿ ನೋಡಿದರೆ ನನ್ನ ಮುಖ ಕಾಣುತ್ತಿತ್ತು.

ಜಡೆಯನ್ನು ಕಾರಿನೊಳಗೆ ಹಾಸುವುದಕ್ಕೆ ಆರು ದಿನ ಹಿಡಿಯಿತು. ಕೊನೆಯಲ್ಲಿ ಅರ್ತ್ ಬೋಲ್ಟುಗಳು. ವಿದ್ಯುತ್ತು ತಂತಿಯಲ್ಲಿ ಹೋಗಿ ಕೆಲಸ ಮುಗಿಸಿ ಕಾರಿನ ಮೈಯ ಮೂಲಕ ಬ್ಯಾಟರಿಗೆ ಹಿಂದಿರುಗಬೇಕು. ಅದಕ್ಕಾಗಿ ಏಳು ಕಡೆ ತಂತಿಯ ತುದಿಗಳನ್ನು ಮೈಗೆ ಬೋಲ್ಟಿನಿಂದ ಬಿಗಿಯುತ್ತೇವೆ. ಒಂದೊಂದನ್ನೂ ಬಿಗಿದು, ನಟ್ಟಿನಿಂದ ಕಾರಿನ ಮೈವರೆಗೆ ಕೆಂಪು ಅರಗಿನ ಒಂದು ಗೆರೆ ಎಳೆದೆ. ನಮ್ಮ ಘಟಕದಲ್ಲಿ ಅದು ಸೀಲು. ಗೆರೆ ಇದೆ ಎಂದರೆ ಬಿಗಿಯಾಗಿದೆ, ಪರೀಕ್ಷೆ ಆಗಿದೆ, ಇನ್ನು ಯಾರೂ ಮುಟ್ಟಬಾರದು. ಸೀಲು ಮುರಿಯಬೇಕಾದರೆ ಮೇಲಿನವರ ಸಹಿ ಬೇಕಿತ್ತು. ಸಹಿಯಿಲ್ಲದೆ ಮುರಿದವರಿಗೆ ಮೆಮೊ. ಇಪ್ಪತ್ತೆರಡು ವರ್ಷದಲ್ಲಿ ಅದು ನನ್ನ ಬೆರಳುಗಳಿಗೆ ಇಳಿದುಬಿಟ್ಟಿತ್ತು. ಏಳು ಕೆಂಪು ಗೆರೆ ಎಳೆದು ಎದ್ದಾಗ ಮಗುವಿಗೆ ಬೊಟ್ಟಿಟ್ಟಷ್ಟು ಖುಷಿಯಾಯಿತು.

ನಂತರ ಒಂದೊಂದೇ ಪರೀಕ್ಷೆ. ಎಡದ ದೀಪ ಹಚ್ಚು, ಬರೆದುಕೋ, ಆರಿಸು. ಬಲದ ದೀಪ. ವೈಪರು. ಪಂಪು. ಫ್ಯಾನು. ಎಲ್ಲದರ ಎದುರೂ ಸರಿ ಗುರುತು. ಕೀಲಿ ತಿರುಗಿಸಿದರೆ ಎಂಜಿನ್ ಮೊದಲ ಸಲಕ್ಕೇ ಶುರುವಾಯಿತು. ಅತ್ತೆ ಒಳಗಿಂದ ಬಂದು ಬಾನೆಟ್ಟಿಗೆ ಒಂದು ದಾಸವಾಳ ಇಟ್ಟರು. ಮೇಷ್ಟ್ರು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ನಿಂತಿದ್ದರು. ಆಮೇಲೆ ಕರ್ಚೀಫು ತೆಗೆದು ಕಣ್ಣು ಒರೆಸಿಕೊಂಡರು.

ಮೂರನೆಯ ದಿನ ಮಧ್ಯಾಹ್ನ ಹಳೆ ಮದ್ರಾಸ್ ರಸ್ತೆಯಲ್ಲಿ ಕಾರು ನಿಂತಿತು.

ನಾನೇ ಓಡಿಸುತ್ತಿದ್ದೆ, ಭಾಯ್ ಪಕ್ಕದಲ್ಲಿದ್ದರು. ಕೆ.ಆರ್. ಪುರದ ತೂಗು ಸೇತುವೆಗೆ ಇನ್ನೂ ಅರ್ಧ ಮೈಲಿ. ವಾಹನಗಳು ಇಂಚಿಂಚಾಗಿ ಜರುಗುತ್ತಿದ್ದವು. ಎಂಜಿನ್ ಒಮ್ಮೆ ಬಿಕ್ಕಿತು, ದೀಪಗಳು ಮಂಕಾದವು, ಆಮೇಲೆ ಸದ್ದೇ ಇಲ್ಲ. ಹಿಂದಿನ ಬಸ್ಸಿನವನು ಹಾರ್ನಿನ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ. ಸ್ಟಾರ್ಟರ್ ತಿರುಗುತ್ತಿತ್ತು, ಎಂಜಿನ್ ಹತ್ತಿಕೊಳ್ಳುತ್ತಿರಲಿಲ್ಲ. ಹತ್ತು ನಿಮಿಷ ಕಳೆದ ಮೇಲೆ ಏನೂ ಆಗಿಲ್ಲವೆಂಬಂತೆ ಶುರುವಾಯಿತು.

ಭಾಯ್ ಕಾರ್ಬೊರೇಟರ್ ಬಿಚ್ಚಿ ತೊಳೆದರು. ಎರಡು ದಿನ ಓಡಿತು, ದೊಮ್ಮಲೂರು ಫ್ಲೈಓವರ್ ಮೇಲೆ ಮತ್ತೆ ನಿಂತಿತು. ಪಂಪು ಬದಲಾಯಿಸಿದೆವು. ಇಂದಿರಾನಗರದ ಸಿಗ್ನಲ್ಲಿನಲ್ಲಿ ನಿಂತಿತು. ಇಗ್ನಿಷನ್ ಪೆಟ್ಟಿಗೆ ಬದಲಾಯಿಸಿದೆವು. ಹಲಸೂರು ಕೆರೆಯ ಪಕ್ಕ, ಮೇಷ್ಟ್ರ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ನಿಂತಿತು. ಬೆಳಗಿನ ತಂಪಿನಲ್ಲಿ ನಮ್ಮ ಅಂಗಳದಲ್ಲಿ ಎಷ್ಟು ಓಡಿಸಿದರೂ ಏನೂ ಆಗುತ್ತಿರಲಿಲ್ಲ.

"ಮೇಡಂ, ತಪ್ಪು ತಿಳ್ಕೋಬೇಡಿ," ಎಂದರು ಭಾಯ್ ಒಂದು ದಿನ. "ಅರ್ತ್ ಒಂದ್ ಸಲ ಬಿಚ್ಚಿ ನೋಡ್ಲಾ?"

ನನಗೆ ಎಲ್ಲಿತ್ತೋ ಸಿಟ್ಟು. "ಅರ್ತ್ ಎಲ್ಲಾ ಸೀಲ್ ಆಗಿದೆ ಭಾಯ್. ಮೀಟರ್ ಇಟ್ಟು ನೋಡಿದೀನಿ, ಸೊನ್ನೆ ತೋರಿಸ್ತಿದೆ. ನಿಮ್ಮ ಹುಡುಗರ ಥರ ತಂತಿ ತಿರುಚಿ ಬಿಟ್ಟಿಲ್ಲ ನಾನು."

"ಹೌ ಹೌ, ಟೆನ್ಷನ್ ನಕ್ಕೋ," ಎಂದು ಅವರು ಸ್ಪ್ಯಾನರ್ ಕೆಳಗಿಟ್ಟರು. ನನ್ನ ಕೆಂಪು ಗೆರೆಗಳನ್ನು ಕಂಡರೆ ಅವರಿಗೆ ಒಂದು ಬಗೆಯ ಮರ್ಯಾದೆಯಿತ್ತು. ವಿಮಾನದ ಕೆಲಸ ಎಂದು ಗ್ಯಾರೇಜಿನವರಿಗೆಲ್ಲ ಹೇಳಿಕೊಂಡಿದ್ದರು.

ನವೆಂಬರ್ ಮುಗಿಯಲು ಆರು ದಿನ ಉಳಿದಿತ್ತು. ಆ ವಾರ ಮೇಷ್ಟ್ರು ಬಂದವರು ಸ್ಟೂಲಿನ ಮೇಲೆ ಕೂರಲಿಲ್ಲ.

"ಒಂದ್ ಮಾತಮ್ಮಾ," ಎಂದರು. "ನೀನು ತುಂಬಾ ಕಷ್ಟಪಟ್ಟೆ, ನಂಗೊತ್ತು. ಗಾಡೀನ ಭಾಯ್‌ಗೇ ಬಿಟ್ಬಿಡ್ತೀನಿ. ಪಾರ್ಟ್ಸ್‌ಗಾದ್ರೂ ಆಗುತ್ತೆ. ಒಂಬತ್ತು ಕಡೆಗೂ ನಾನೇ ಫೋನ್ ಮಾಡಿ ಹೇಳ್ತೀನಿ, ಅವ್ರು ಕಾಯ್ಬಾರ್ದು."

"ಇನ್ನೊಂದು ಸಲ," ಎಂದೆ. ಅದು ಬೇಡಿಕೊಂಡ ಹಾಗೆಯೇ ಇತ್ತು. "ನೀವೂ ಬನ್ನಿ. ಹಿಂದೆ ಕೂತ್ಕೊಳ್ಳಿ."

ಮಧ್ಯಾಹ್ನದ ಬಿಸಿಲಲ್ಲಿ ಹೊರಟೆವು. ಮುಂದೆ ನಾನು, ಹಿಂದೆ ಮೇಷ್ಟ್ರು ಒಬ್ಬರೇ. ಸುರಂಜನ್‌ದಾಸ್ ರಸ್ತೆಯ ಜಾಮಿನಲ್ಲಿ ಸಿಕ್ಕಿಕೊಂಡೆವು. ಬಿಸಿಲು, ಧೂಳು, ಎದುರಿನ ಬಸ್ಸಿನ ಕಿಟಕಿಯಲ್ಲಿ ನಿದ್ದೆ ಹೋದ ಒಂದು ಮುಖ. ಎಲ್ಲ ನೀರಿನೊಳಗಿಂದ ಕಾಣುವಂತಿತ್ತು. ಫ್ಯಾನು ಶುರುವಾಯಿತು.

"ಅರೆ," ಎಂದರು ಹಿಂದಿನಿಂದ ಮೇಷ್ಟ್ರು. "ಇಲ್ಲಿ ಕೆಳಗೆ ಹಾಡ್ತಾ ಇರೋದು ಏನಮ್ಮಾ?"

"ಪಂಪು. ಪೆಟ್ರೋಲ್ ಪಂಪು."

"ಅದು ಇಳೀತು."

"ಏನು?"

"ಸ್ವರ ಇಳೀತು. ಮುಂದೆ ಫ್ಯಾನ್ ಬಂದ ತಕ್ಷಣ ಇದು ಪೂರ್ತಿ ಒಂದು ಸ್ವರ ಕೆಳಗೆ ಹೋಯ್ತು. ಇನ್ನೂ ಇಳೀತಾ ಇದೆ... ಇಳೀತಾ ಇದೆ... ನೋಡು, ಈಗ..."

ಎಂಜಿನ್ ನಿಂತಿತು.

ಬಸ್ಸು ಮುಂದೆ ಹೋಯಿತು. ಒಂದು ಫ್ಯಾನು ತಿರುಗಿದರೆ ಕಾರಿನ ಇನ್ನೊಂದು ತುದಿಯ ಪಂಪಿಗೆ ಯಾಕೆ ಉಸಿರು ಕಟ್ಟಬೇಕು? ಅವೆರಡರ ತಂತಿ ಬೇರೆ, ಫ್ಯೂಸು ಬೇರೆ, ರಿಲೇ ಬೇರೆ. ನಾನೇ ಹೆಣೆದದ್ದು. ಎರಡೂ ಒಂದಾಗುವುದು ಒಂದೇ ಕಡೆ, ಕರೆಂಟು ಬ್ಯಾಟರಿಗೆ ಹಿಂದಿರುಗುವ ದಾರಿಯಲ್ಲಿ. ಅದು ಆ ಕ್ಷಣವೇ ನನಗೆ ಗೊತ್ತಾಯಿತು. ಗೊತ್ತಾದರೂ ಮನಸ್ಸು ಒಪ್ಪಲಿಲ್ಲ. ಸೀಲು ಆಗಿದೆಯಲ್ಲ, ಸೀಲು ಆಗಿದೆಯಲ್ಲ ಎಂದು ಒಳಗೆ ಯಾರೋ ಹೇಳುತ್ತಲೇ ಇದ್ದರು.

ಮನೆಗೆ ಬಂದು ಅನ್ನ ಉಣ್ಣದೆ ಕೊಟ್ಟಿಗೆಯ ಚಾಪೆಯ ಮೇಲೆ ಬಿದ್ದುಕೊಂಡೆ. ಜೊಂಪು ಹತ್ತಿತು. ಕನಸಿನಲ್ಲಿ ನಮ್ಮ ಘಟಕದ ಉದ್ದ ಕೋಣೆ. ಮೊಳೆ ಹಲಗೆಗಳ ಮುಂದೆ ಹೆಂಗಸರ ಸಾಲು, ಎಲ್ಲರೂ ತಲೆ ತಗ್ಗಿಸಿ ಗಂಟು ಹಾಕುತ್ತಿದ್ದಾರೆ. ನಾನು ಒಬ್ಬೊಬ್ಬರನ್ನೇ ಕೇಳುತ್ತಿದ್ದೇನೆ: ಬೋಲ್ಟು ಕೂರುವ ಜಾಗ ಕೆರೆಯುವವರು ಯಾರು? ನಾವಲ್ಲ, ನಾವಲ್ಲ ಅನ್ನುತ್ತಾರೆ. ಅದು ಪಕ್ಕದ ಶಾಪಿನವರು, ನಮಗೆ ಬರುವಾಗಲೇ ಆಗಿರುತ್ತದೆ ಅನ್ನುತ್ತಾರೆ. ಎಚ್ಚರವಾದಾಗ ಬಾಯಿ ಒಣಗಿತ್ತು.

ನಮ್ಮಲ್ಲಿ ಜಡೆ ಹೆಣೆಯುವವರು ಜಡೆ ಮಾತ್ರ ಹೆಣೆಯುತ್ತಿದ್ದರು. ಅರ್ತ್ ಬೋಲ್ಟು ಕೂರುವ ಕಡೆ ಬಣ್ಣ ಕೆರೆದು ಬರಿ ಲೋಹ ಮಾಡುವುದು ಇನ್ನೊಂದು ವಿಭಾಗದ ಕೆಲಸ. ಅವರ ಮೊಹರು ಬಿದ್ದ ಮೇಲೆಯೇ ನಮ್ಮ ಕೈಗೆ ಬರುವುದು. ಇಪ್ಪತ್ತೆರಡು ವರ್ಷ ನಾನು ಒಂದು ದಿನವೂ ಆ ಜಾಗ ನೋಡಬೇಕಾಗಿ ಬಂದಿರಲಿಲ್ಲ. ಇಲ್ಲಿ ಪಕ್ಕದ ಶಾಪು ಎಲ್ಲಿತ್ತು? ಬಣ್ಣದವನು ಮೂಲೆ ಮೂಲೆ ಬಿಡದೆ ಬಣ್ಣ ಹೊಡೆದಿದ್ದ, ಅದು ಅವನ ಹೆಮ್ಮೆ. ಅದರ ಮೇಲೆ ನಾನು ಬೋಲ್ಟು ಬಿಗಿದು ಕೆಂಪು ಗೆರೆ ಎಳೆದಿದ್ದೆ.

ಭಾಯ್‌ಗೆ ಫೋನ್ ಮಾಡಿದೆ, ಬಂದರು. ಮೇಷ್ಟ್ರು ಇನ್ನೂ ಅಂಗಳದಲ್ಲೇ ಇದ್ದರು. ಅತ್ತೆ ಅವರಿಗೆ ಕಾಫಿ ಕೊಟ್ಟು ತಮ್ಮ ಎಮ್ಮೆಗಳ ಕಥೆ ಹೇಳುತ್ತಿದ್ದರು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೆ, ಇನ್ನೊಂದನ್ನು ಕಾರಿನ ಮೈಯಲ್ಲಿ ಬಣ್ಣವಿಲ್ಲದ ಒಂದು ಸ್ಕ್ರೂಗೆ ಹಿಡಿದೆ. ಸೊನ್ನೆ. ಈ ಸಲ ಅಲ್ಲಿಗೆ ಬಿಡಲಿಲ್ಲ. ಎಂಜಿನ್, ದೀಪ, ಪಂಪು, ಫ್ಯಾನು ಎಲ್ಲವನ್ನೂ ಒಟ್ಟಿಗೆ ಹಾಕಿಸಿದೆ. ಮೀಟರಿನ ಅಂಕಿ ಏರುತ್ತಾ ಹೋಗಿ ಮೂರು ವೋಲ್ಟಿನ ಹತ್ತಿರ ನಿಂತಿತು. ಹನ್ನೆರಡರಲ್ಲಿ ಮೂರು, ವಾಪಸು ಬರುವ ದಾರಿಯಲ್ಲೇ ಸೋರಿಹೋಗುತ್ತಿತ್ತು. ಸ್ಟಾರ್ಟರಿಗೆ ಭಾಯ್ ಎಂಜಿನ್ನಿಗೇ ನೇರ ಕೇಬಲ್ ಕೊಟ್ಟಿದ್ದರು, ಅದಕ್ಕೇ ಅದೊಂದು ಯಾವಾಗಲೂ ತಿರುಗುತ್ತಿತ್ತು. ಉಳಿದದ್ದೆಲ್ಲ ನನ್ನ ಏಳು ಬೋಲ್ಟುಗಳ ಮೇಲೆ ನಿಂತಿತ್ತು. ತಂಪಾಗಿ, ಒಂದೊಂದಾಗಿ ಪರೀಕ್ಷಿಸಿದರೆ ಬೋಲ್ಟಿನ ತಿರುಪಿನ ಸುತ್ತುಗಳಲ್ಲಿ ನುಸುಳಿ ಬರುವ ಕರೆಂಟೇ ಸಾಕಾಗುತ್ತಿತ್ತು.

ಸ್ಪ್ಯಾನರ್ ಕೈಯಲ್ಲಿತ್ತು. ಗೆರೆ ಮುರಿಯಲು ಕೈ ಬರಲಿಲ್ಲ. ನಗು ಬರುವ ವಿಷಯ, ಆದರೆ ನಿಜ. ಯಾರಾದರೂ ಸಹಿ ಹಾಕಲಿ ಎಂದು ನನ್ನ ಬೆರಳುಗಳು ಕಾಯುತ್ತಿದ್ದವು.

"ಹಾಕಿದ್ದು ನೀವೇ ಅಲ್ವಾ ಮೇಡಂ?" ಎಂದರು ಭಾಯ್ ಮೆಲ್ಲಗೆ. "ಮುರೀರಿ."

ಮುರಿದೆ. ಕೆಂಪು ಅರಗು ಚಕ್ಕೆಯೆದ್ದು ಬಿತ್ತು. ಬೋಲ್ಟು ತೆಗೆದರೆ ತಂತಿಯ ತುದಿಯ ಕೆಳಗೆ ಉಂಗುರದಾಕಾರದ ಒಂದು ಗುರುತು, ಅದರ ನಡುವೆ ಕೆರೆ ನೀರಿನ ನೀಲಿ, ಮಿರಮಿರ ಮಿಂಚುತ್ತಾ. ಒಂದಿಷ್ಟೂ ಲೋಹ ಕಾಣುತ್ತಿರಲಿಲ್ಲ. ಅಂಥ ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಎರಡು ವಾರ ಭಾಯ್ ತೊಳೆದ ಕಾರ್ಬೊರೇಟರನ್ನು, ಹೊಸ ಪಂಪನ್ನು, ಯಾರ್ಯಾರನ್ನೋ ಅನುಮಾನಿಸಿದ್ದೆ.

ಸುಮ್ಮನೆ ಕೆರೆದು ಬಿಗಿದು, ಎಲ್ಲೋ ಸಡಿಲವಿತ್ತು ಎಂದು ಹೇಳಬಹುದಿತ್ತು. ಆ ಯೋಚನೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಮೇಷ್ಟ್ರ ಹತ್ತಿರ ಹೋಗಿ ನಿಂತೆ.

"ಗಾಡಿದು ಏನೂ ತಪ್ಪಿಲ್ಲ ಸಾರ್. ಬಣ್ಣದವನದೂ ಅಲ್ಲ, ಭಾಯ್‌ದೂ ಅಲ್ಲ. ನಂದು. ಬಣ್ಣದ ಮೇಲೇ ಬೋಲ್ಟ್ ಕೂರಿಸ್ಬಿಟ್ಟಿದೀನಿ. ಭಾಯ್ ಹೇಳಿದ್ರು, ಕೇಳಲಿಲ್ಲ."

ಅವರು ಕಾಫಿ ಲೋಟ ಕೆಳಗಿಟ್ಟರು. "ಎಷ್ಟು ದಿನ ಬೇಕು?"

"ಏಳೂ ಬಿಚ್ಚಬೇಕು. ಎರಡು ದಿನ."

"ಬಿಚ್ಚು," ಎಂದರು. ಲೋಟವನ್ನು ಮತ್ತೆ ಎತ್ತಿಕೊಳ್ಳುತ್ತಾ, "ಫೋನ್ ಇನ್ನೂ ಮಾಡಿಲ್ಲ ನಾನು," ಎಂದರು.

ಏಳೂ ಸೀಲು ಮುರಿದೆ. ಎಮರಿ ಕಾಗದದಿಂದ ನಾಣ್ಯದಗಲ ಬಣ್ಣ ತೆಗೆದು, ಬೆಳ್ಳನೆಯ ಲೋಹ ಕಾಣುವವರೆಗೆ ಉಜ್ಜಿದೆ. ಅಂಚಿಗೆ ಹಲ್ಲುಗಳಿರುವ ವಾಷರ್ ಹಾಕಿ, ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಎಂಜಿನ್ನಿನಿಂದ ಮೈಗೆ ಇನ್ನೊಂದು ದಪ್ಪ ಪಟ್ಟಿ ಹೆಚ್ಚಿಗೆ ಕೊಟ್ಟೆ. ಎಲ್ಲವನ್ನೂ ಒಟ್ಟಿಗೆ ಹಾಕಿ, ಬಿಸಿಲಲ್ಲಿ ಒಂದು ತಾಸು ನಿಲ್ಲಿಸಿ ಅಳೆದೆ. ಮೀಟರಿನ ಅಂಕಿ ಸೊನ್ನೆಯ ಹತ್ತಿರವೇ ತೂಕಡಿಸುತ್ತಿತ್ತು. ಆ ಮೇಲೆ ಭಾಯ್ ಅವರನ್ನು ಕರೆದು ಪ್ರತಿ ಬೋಲ್ಟನ್ನೂ ತೋರಿಸಿದೆ. ನಾನು ಒರಟಾಗಿ ಆಡಿದ್ದಕ್ಕೆ ಕ್ಷಮೆಯನ್ನೂ ಕೇಳಿದೆ. "ಅರೆ ಛೋಡೋ," ಎಂದರು ಅವರು.

ಡಿಸೆಂಬರ್ ಎರಡನೆಯ ತಾರೀಕು ಮಟಮಟ ಮಧ್ಯಾಹ್ನವನ್ನೇ ಆರಿಸಿಕೊಂಡೆವು. ಮೇಷ್ಟ್ರು ಓಡಿಸಿದರು, ನಾನು ಪಕ್ಕದಲ್ಲಿ. ಹಿಂದೆ ಚಾದರ ಹೊದ್ದುಕೊಂಡು ಸುತ್ತಿಗೆಗಳ ಚೌಕಟ್ಟು ಮಲಗಿತ್ತು. ಕೆ.ಆರ್. ಪುರದ ಆಚೆಗಿನ ಒಂದು ಸಣ್ಣ ಚರ್ಚಿನದು, ಹೋದ ವರ್ಷ ತಲುಪಲಾಗದ ನಾಲ್ಕರಲ್ಲಿ ಒಂದು. ಈ ವರ್ಷ ಜುಲೈಯಲ್ಲಿ ಹೇಗೋ ಹೋಗಿ ಬಿಚ್ಚಿ ತಂದವರಿಗೆ ಹಿಂದಕ್ಕೆ ಒಯ್ಯಲು ಆಗಿರಲಿಲ್ಲ. ತೂಗು ಸೇತುವೆಯ ಬುಡದಲ್ಲಿ ಎಂದಿನಂತೆ ಎಲ್ಲವೂ ನಿಂತಿತ್ತು. ಮೆಟ್ರೊ ಮೇಲೆ ಹಾದುಹೋಯಿತು. ಫ್ಯಾನು ಶುರುವಾಯಿತು. ನಾನು ಮೇಷ್ಟ್ರ ಮುಖವನ್ನೇ ನೋಡಿದೆ. ಅವರು ತಲೆ ಒಂದಿಷ್ಟು ವಾಲಿಸಿ ಕೇಳುತ್ತಿದ್ದರು. ಐದು ನಿಮಿಷ. ಹತ್ತು. ಇಪ್ಪತ್ತು. ಆ ಬಿಸಿಲಲ್ಲಿ, ಅಷ್ಟು ಗಲಾಟೆಯ ನಡುವೆ, ನಮ್ಮ ಕಾರಿನೊಳಗೆ ಒಂದು ಸಣ್ಣ ಸ್ವರ ಅಲುಗದೆ ನಿಂತಿತ್ತು. ಮುಂದಿನ ಲಾರಿ ಜರುಗಿತು, ನಾವೂ ಜರುಗಿದೆವು.

ಚರ್ಚಿನಲ್ಲಿ ನಮ್ಮನ್ನು ಯಾರೂ ಕಾಯುತ್ತಿರಲಿಲ್ಲ. ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆ ಹಿಡಿದೇ ಬಾಗಿಲಿಗೆ ಬಂದಳು. ಪಿಯಾನೊ ಮೂಲೆಯಲ್ಲಿತ್ತು. ಅದರ ಮೇಲೆ ಕಸೂತಿಯ ಬಟ್ಟೆ ಹಾಸಿ, ಪ್ಲಾಸ್ಟಿಕ್ ಹೂವಿನ ನಾಲ್ಕು ಹೂದಾನಿ, ಹಾಡಿನ ಪುಸ್ತಕಗಳ ಅಟ್ಟಿ, ಒಂದು ಕೆಟ್ಟ ಟೇಬಲ್ ಫ್ಯಾನು ಇಟ್ಟಿದ್ದರು.

"ಅಯ್ಯೋ, ನೀವು ಇನ್ನು ಬರಲ್ಲ ಅಂದ್ಕೊಂಡ್ವಿ ಸಾರ್," ಎಂದಳು.

ಮೇಷ್ಟ್ರು ಟೂಲ್ ಬಾಕ್ಸ್ ಕೆಳಗಿಟ್ಟರು. ಅವಳೇ ಹೂದಾನಿಗಳನ್ನು ಒಂದೊಂದಾಗಿ ಎತ್ತಿ ನೆಲದ ಮೇಲೆ ಇಟ್ಟಳು. ನಾವಿಬ್ಬರೂ ಚೌಕಟ್ಟನ್ನು ಹೊತ್ತು ತಂದೆವು. ಅವರು ಅದನ್ನು ಪಿಯಾನೊದ ಹೊಟ್ಟೆಯೊಳಗೆ ಇಳಿಸಿ, ಸ್ಕ್ರೂ ಬಿಗಿದು, ತಂತಿಗಳನ್ನು ಒಂದೊಂದೇ ಎಳೆಯತೊಡಗಿದರು. ನಾನು ಟಾರ್ಚು ಹಿಡಿದು ನಿಂತೆ. ಒಂದೇ ಸ್ವರ ಮತ್ತೆ ಮತ್ತೆ, ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಆಮೇಲೆ ಸರಿಯಾಗಿ. ನಾಲ್ಕು ತಾಸು. ಕಿಟಕಿಯ ಬಣ್ಣದ ಗಾಜಿನ ಬೆಳಕು ನೆಲದ ಮೇಲೆ ಜರುಗಿ ಜರುಗಿ ಗೋಡೆ ಹತ್ತಿತು. ನಡುವೆ ಎಲ್ಲೋ ನನಗೆ ನಿಂತಲ್ಲೇ ಜೊಂಪು ಹತ್ತಿತ್ತು. ಎಚ್ಚರವಾದಾಗ ಅವರು ಎರಡೂ ಕೈಯಿಂದ ಏನನ್ನೋ ನುಡಿಸುತ್ತಿದ್ದರು. ಆ ಹೆಂಗಸು ಬೆಂಚಿನ ತುದಿಯಲ್ಲಿ ಕೂತು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು.

"ಮುಂದಿನ ವರ್ಷಾನೂ ಬರ್ತೀರಾ ಸಾರ್?" ಎಂದು ಕೇಳಿದಳು. "ಫಾದರ್‌ಗೆ ಹೇಳ್ಬೇಕು. ಕೀಬೋರ್ಡ್ ನೋಡ್ತಾ ಇದ್ರು ಅವ್ರು."

ಮೇಷ್ಟ್ರು ನನ್ನ ಕಡೆ ತಿರುಗಿದರು. ಅವಳೂ ನನ್ನನ್ನೇ ನೋಡಿದಳು.

"ಬರ್ತಾರೆ," ಎಂದೆ.

ಅವಳು ನೆಲದ ಮೇಲಿದ್ದ ಹೂದಾನಿಗಳನ್ನು ಎರಡೆರಡಾಗಿ ಕಂಕುಳಲ್ಲಿ ಇರುಕಿಕೊಂಡು, ಇಡಲು ಬೇರೆ ಜಾಗ ಹುಡುಕುತ್ತಾ ಒಳಗೆ ಹೋದಳು.